ಅಣ್ಣನ ಕಾಫಿ ಮಷೀನು

ಆರು ತಿಂಗಳ ಹಿಂದೆ ಅಣ್ಣ ತೀರಿಕೊಂಡಾಗಿನಿಂದ ಅವನ ಹಳೆಯ ಎಸ್ಪ್ರೆಸೊ ಮಷೀನು ಕೆಟ್ಟು ಕೂತಿತ್ತು.

"ಇವತ್ತು ಸರಿಹೋಗದಿದ್ರೆ ಗುಜರಿಗೆ ಹಾಕ್ಬಿಡು," ಎಂದರು ಅತ್ತಿಗೆ.

ರಬ್ಬರ್ ವಾಷರ್ ಬದಲಿಸಿ ಹೊಸ ಥರ್ಮೋಸ್ಟಾಟ್ ಕೂರಿಸೋಣವೆಂದು ಬೆಳಿಗ್ಗೆಯೇ ಬಿಚ್ಚಿದೆ. ಒಳಗಿನ ಬಾಯ್ಲರು ಅಂಗೈಯಷ್ಟು ಬೆಚ್ಚಗಿತ್ತು.

"ಅತ್ತಿಗೆ, ಇದನ್ನ ಆನ್ ಮಾಡಿದ್ರಾ?"

"ಇಲ್ಲಪ್ಪ, ವೈರು ಸುತ್ತಿಟ್ಟ ಹಾಗೇ ಇದೆಯಲ್ಲ."

ನಾನು ಕೆಲಸ ಮುಂದುವರಿಸಿದೆ. ಸ್ಕ್ರೂಗೆಂದು ಕೈ ಚಾಚಿದಾಗೆಲ್ಲ ಬೇಕಾದದ್ದೇ ಬೆರಳಿಗೆ ತಗುಲುತ್ತಿತ್ತು, ಯಾರೋ ಮುಂದಕ್ಕೆ ಸರಿಸಿಕೊಟ್ಟ ಹಾಗೆ. ಆದರೂ ಎದ್ದುಹೋಗಲು ಮನಸ್ಸಾಗಲಿಲ್ಲ.

ಮಷೀನು ಸರಿಹೋಯಿತು. ಮೊದಲ ಕಪ್ಪನ್ನು ಅತ್ತಿಗೆಗೆ ಕೊಟ್ಟೆ. ಒಂದು ಗುಟುಕಿಗೇ ಅವರ ಕಣ್ಣು ತುಂಬಿತು.

"ಸಕ್ಕರೆ ನಿಮ್ಮಣ್ಣ ಹಾಕ್ತಿದ್ದಷ್ಟೇ ಹಾಕಿದ್ದೀಯ. ನಿನಗೆ ಹೇಗೆ ಗೊತ್ತಾಯ್ತು?"

ನಾನು ಸಕ್ಕರೆ ಡಬ್ಬಿಯ ಮುಚ್ಚಳವನ್ನೇ ತೆಗೆದಿರಲಿಲ್ಲ.