ಹಸಿರು ಗುಡ್ಡದಲ್ಲಿ ಅವ್ವನ ಕೂಗು

೧೯೩೮ರಲ್ಲಿ ನಾನು ಇಂಗ್ಲೆಂಡಿನಲ್ಲಿ ಡಾಕ್ಟರಿ ಓದುತ್ತಿದ್ದಾಗ, ಹೆಂಡತಿ ಗುರುಬಾಯಿಯ ಜೊತೆ ಅಲ್ಲಿನ ಹಳ್ಳಿಗಾಡಿನ ಒಂದು ಹಸಿರು ಗುಡ್ಡ ನೋಡಲು ಹೋಗಿದ್ದೆ. ನಡುಮಧ್ಯಾಹ್ನವಾದರೂ ಚಳಿ ಕೊರೆಯುತ್ತಿತ್ತು. ತುದಿ ಹತ್ತಿರವಾದಂತೆ ಗಾಳಿ ಏಕಾಏಕಿ ನಮ್ಮ ಅತನೂರಿನ ಬೇಸಿಗೆಯಂತೆ ಬಿಸಿಯಾಯಿತು. ಮೇಯುತ್ತಿದ್ದ ಕುರಿಗಳೆಲ್ಲ ತಲೆಯೆತ್ತಿ ನಮ್ಮ ಬೆನ್ನ ಹಿಂದೆ ನೋಡತೊಡಗಿದವು.

"ಗುರುಬಾಯೀ, ನಿಂದ್ರು ಬೇ, ನಾನೂ ಬರ್ತೇನಿ!"

ಹಿಂದಿನ ವರ್ಷವಷ್ಟೇ ಊರಲ್ಲಿ ತೀರಿಕೊಂಡಿದ್ದ ಅವಳ ತಾಯಿಯ ದನಿ ಅದು.

"ನಮ್ಮವ್ವ ಕರ್ಯಾಕತ್ತಾಳ್ರಿ," ಎಂದು ಗುರುಬಾಯಿ ತಿರುಗಿದಳು.

"ಓ ಅನಬ್ಯಾಡ!" ಎಂದು ನಾನು ಅವಳ ಬಾಯನ್ನು ಗಟ್ಟಿಯಾಗಿ ಮುಚ್ಚಿದೆ. ಸತ್ತವರ ಕರೆಗೆ ಓಗೊಟ್ಟರೆ ಅವರು ಬೆನ್ನು ಹತ್ತುತ್ತಾರೆಂದು ನಮ್ಮ ಕಡೆ ನಂಬಿಕೆ. ನನ್ನ ಅಂಗೈಯಡಿ ಅವಳ ತುಟಿ ಅಲುಗಲೇ ಇಲ್ಲ. ಇದನ್ನು ಆಣೆ ಮಾಡಿ ಹೇಳಬಲ್ಲೆ. ಆದರೂ ಯಾರೂ ಇಲ್ಲದ ಗುಡ್ಡದ ಬೋಳು ತುದಿಯಿಂದ ಗುರುಬಾಯಿಯದೇ ದನಿ ಉತ್ತರ ಕೊಟ್ಟಿತು:

"ಬಾ ಯವ್ವಾ, ಇಲ್ಲೇ ಅದೇನಿ."