ಎರವು ಹೋದ ಮುಗಿಲಿ

ಬಲು ಹಿಂದೆ, ಬೆಟ್ಟಗಳು ಇನ್ನೂ ಮಂಜು ಹೊದ್ದು ಮಲಗಿದ್ದ ಕಾಲದಲ್ಲಿ, ಹೂವಿನಹೊಳಲು ಎಂಬ ರಾಜ್ಯವಿತ್ತು. ಅಲ್ಲಿ ಮಾಚ ಎಂಬ ತರುಣನಿದ್ದ. ಅವನ ಬಳಿ ಮುಗಿಲಿ ಎಂಬ ಬಿಳಿಯ ಹೆಣ್ಣುಕುದುರೆಯಿತ್ತು. ಅದು ನೀರಿನ ಮೇಲೆ ನಡೆಯುತ್ತಿತ್ತು, ಗೊರಸು ನೆನೆಯುತ್ತಿರಲಿಲ್ಲ. ಮಂಜಿನ ಮೇಲೆ ಓಡುತ್ತಿತ್ತು, ಮಂಜು ಕದಲುತ್ತಿರಲಿಲ್ಲ. ಆದರೆ ದಿನವೂ ಓಡಬೇಕು. ಓಡದಿದ್ದರೆ ಕರಗಿ ಕರಗಿ ಹೊಗೆಯಾಗಿಬಿಡುವ ಜೀವ ಅದು.

ಒಮ್ಮೆ ಮಾಚ ಬಂಡೆಯ ಮೇಲಿಂದ ಬಿದ್ದು ಕಾಲು ಮುರಿದುಕೊಂಡ. "ಮತ್ತೆ ಕುದುರೆ ಹತ್ತಲು ವರ್ಷಗಳೇ ಬೇಕಪ್ಪ," ಎಂದರು ವೈದ್ಯರು. ಲಾಯದಲ್ಲಿ ನಿಂತ ಮುಗಿಲಿ ದಿನದಿನಕ್ಕೂ ತೆಳ್ಳಗಾಯಿತು. ಅದರ ಮೈಯ ಮೂಲಕ ಆಚೆಯ ಗೋಡೆ ಕಾಣತೊಡಗಿತು.

ಆಗ ಜಡಕೇತನೆಂಬ ಮಾಂತ್ರಿಕ ಬಂದ. ಅವನು ಕೊಂಡದ್ದೆಲ್ಲ ಕಲ್ಲಾಗುತ್ತಿತ್ತು. ಕಲ್ಲಾದದ್ದು ಬಿಟ್ಟುಹೋಗದು ಎಂಬುದೇ ಅವನಿಗೆ ಸಂತೋಷ. ಅರಸನಿಗೆ ಒಂದು ರತ್ನ ಕೊಟ್ಟು ರಾಜ್ಯದ ಹೊಳೆಯನ್ನೇ ಕೊಂಡಿದ್ದ. ಹರಿಯುತ್ತಿದ್ದ ಹೊಳೆ, ಎತ್ತಿದ ಅಲೆ ಎತ್ತಿದಂತೆಯೇ ಕಲ್ಲಾಗಿ ನಿಂತಿತ್ತು.

ಮೊದಲು ಅವನು ಮುಗಿಲಿಯನ್ನು ಕೊಳ್ಳಲು ಚಿನ್ನ ತಂದ. "ಮಾರುವುದಿಲ್ಲ," ಎಂದ ಮಾಚ.

ಆಮೇಲೆ ತಾನೇ ತೇಲಿ ಸಾಗುವ ಪಲ್ಲಕ್ಕಿ ತಂದ. "ಮಾರುವುದಿಲ್ಲ," ಎಂದ ಮಾಚ.

ಕೊನೆಗೆ ಒಂದು ಬಟ್ಟಲು ಮದ್ದು ತಂದ. "ಇದನ್ನು ಕುಡಿ. ನಾಳೆಯೇ ಓಡಾಡುತ್ತೀಯ."

ಮಾಚನ ಕೈ ಬಟ್ಟಲಿನವರೆಗೂ ಹೋಯಿತು. ಅಷ್ಟರಲ್ಲಿ ಮುಗಿಲಿ ಅವನ ಹೆಗಲ ಮೇಲೆ ತಲೆಯಿಟ್ಟಿತು. ಆ ತಲೆಗೆ ಹೂವಿನಷ್ಟೂ ಭಾರವಿರಲಿಲ್ಲ. ಮಾಚನ ಕಣ್ಣು ತುಂಬಿತು. "ಮಾರುವುದಿಲ್ಲ, ಹೋಗು," ಎಂದ.

ಮಾಂತ್ರಿಕ ಹೋದ ಮೇಲೆ ಅರಸನ ಮಗಳು ಚಂದಲೆ ಬಂದಳು. ಕಲ್ಲಾದ ಹೊಳೆಯ ಮೇಲೆ ನಡೆದು ನಡೆದು ಅವಳ ಅಂಗಾಲು ಒಡೆದಿತ್ತು.

"ಅಣ್ಣಾ, ಅಪ್ಪ ಪಡೆದ ರತ್ನ ಹಿಂದಿರುಗಿಸಿ ಹೊಳೆಯನ್ನು ಬಿಡಿಸಿಕೊಂಡು ಬರಬೇಕು. ಜಡಕೇತನ ಕೋಟೆ ಮಂಜಿನ ಕಡಲಿನ ಆಚೆಗಿದೆ. ನಿನ್ನ ಕುದುರೆ ಕೊಡುತ್ತೀಯಾ?"

"ಮಾರುವುದಿಲ್ಲ ತಾಯಿ, ಎರವು ಕೊಡುತ್ತೇನೆ. ನನ್ನ ಕಾಲು ನೆಟ್ಟಗಾಗುವವರೆಗೆ ನಿಮ್ಮಲ್ಲೇ ಇರಲಿ. ದಿನವೂ ಓಡಿಸಿ. ಮೈ ತಿಕ್ಕುವಾಗ ಮಾತಾಡಿಸಿ. ಇವಳು ನನ್ನವಳು ಎಂಬುದನ್ನು ಮಾತ್ರ ಮರೆಯಬೇಡಿ."

ಚಂದಲೆ ಕುದುರೆಯ ಕೊರಳು ಮುಟ್ಟಿ ಮಾತು ಕೊಟ್ಟಳು.

ಮಂಜಿನ ಕಡಲಿನ ಮೇಲೆ ಮುಗಿಲಿ ಓಡಿತು. ಓಡಿದಷ್ಟೂ ಅದರ ಮೈ ತುಂಬಿಕೊಂಡಿತು. ಕೆಳಗೆ ಮುಳುಗಿದ ನಕ್ಷತ್ರಗಳು ಮೀನುಗಳಂತೆ ಮಗ್ಗುಲು ಬದಲಿಸುತ್ತಿದ್ದವು. ಕೋಟೆಯಲ್ಲಿ ಕಲ್ಲಿನ ಕೊಂಬೆಗಳ ಮೇಲೆ ಕಲ್ಲಿನ ಹಕ್ಕಿಗಳು ಕೊಕ್ಕು ತೆರೆದು ಕುಳಿತಿದ್ದವು.

"ರತ್ನ ತಗೋ, ಹೊಳೆ ಬಿಡು," ಎಂದಳು ಚಂದಲೆ.

ಜಡಕೇತ ನಕ್ಕ. "ಈ ಕೋಟೆಗೆ ಬಂದವರ ಸೊತ್ತೆಲ್ಲ ನನ್ನದು!" ರತ್ನ ಮುಟ್ಟಿದ, ಅದು ಬೆಣಚುಕಲ್ಲಾಯಿತು. ಅವಳ ಶಾಲು ಮುಟ್ಟಿದ, ಅದು ಹಾಸುಗಲ್ಲಾಗಿ ಕೆಳಗೆ ಬಿತ್ತು. ಮುಗಿಲಿಯತ್ತ ಕೈ ಚಾಚಿದ.

"ಬೇಡ, ಅದು ನನ್ನದಲ್ಲ!"

"ಹತ್ತಿ ಬಂದವಳು ನೀನು. ಮತ್ತೆ ಯಾರದು? ಆ ಕುಂಟ ಕೊನೆಗೂ ಮಾರಿದನಲ್ಲ!"

"ಮಾರಲಿಲ್ಲ. ಎರವು ಕೊಟ್ಟ."

ಅಷ್ಟರಲ್ಲಿ ಅವನು ಜೂಲು ಹಿಡಿದಾಗಿತ್ತು. ಮಾರದ, ಕೋಟೆಗೆ ಕಾಲಿಡದ ಮಾಚನ ಸೊತ್ತಿನ ಮೇಲೆ ಬಿದ್ದ ಮಂತ್ರ ಅವನ ಮೇಲೆಯೇ ತಿರುಗಿತು. ಬೆರಳು ಕಲ್ಲಾಯಿತು, ತೋಳು ಕಲ್ಲಾಯಿತು, ನಗು ಕಲ್ಲಾಯಿತು. ಮುಗಿಲಿ ತಲೆ ಕೊಡವಿತು. ಮಾಂತ್ರಿಕ ಪುಡಿಯಾಗಿ ಉದುರಿದ. ಹಕ್ಕಿಗಳು ಅರ್ಧಕ್ಕೆ ನಿಂತಿದ್ದ ಹಾಡು ಮುಗಿಸಿ ಹಾರಿದವು. ದೂರದಲ್ಲಿ ಹೊಳೆ ಮೊರೆಯಿತು.

ವರ್ಷಗಳು ಕಳೆದವು. ಚಂದಲೆ ಮುಗಿಲಿಯನ್ನು ದಿನವೂ ಓಡಿಸಿದಳು. ಆಗಾಗ ಮಾಚನ ಬಾಗಿಲಿಗೂ ಕರೆತಂದಳು. ಒಂದು ಮುಂಜಾನೆ ಮಾಚ ಊರುಗೋಲು ಬಿಟ್ಟು ಎದ್ದು ನಿಂತ. ಚಂದಲೆ ಲಗಾಮು ಅವನ ಕೈಗಿಟ್ಟು ಮುಖ ತಿರುಗಿಸಿದಳು.

ಮಾಚ ಹತ್ತಿದ. ಮುಗಿಲಿ ಹಳೆಯ ದಾರಿ ಬಿಟ್ಟು ಅವನು ಕಂಡರಿಯದ ಕಡೆಗೆ ತಿರುಗಿತು. ಮಾಚ ಲಗಾಮು ಸಡಿಲಿಸಿ ನಕ್ಕ.

"ತಾಯಿ, ಇವಳು ನಿಮ್ಮ ಜೊತೆ ಎಲ್ಲೆಲ್ಲಿ ತಿರುಗಿದ್ದಾಳೋ ನಾನರಿಯೆ. ಹಿಂದೆ ಹತ್ತಿ ಕೂತು ನನಗೂ ತೋರಿಸಿ."

ಕಣ್ಣೊರೆಸಿಕೊಂಡು ಚಂದಲೆ ಹತ್ತಿದಳು. ಇಬ್ಬರನ್ನೂ ಹೊತ್ತು ಮುಗಿಲಿ ಹೊಳೆಯ ಮೇಲೆ ಹೊರಟಿತು. ಹೂವಿನಹೊಳಲಿನ ಜನ ತುಂಬಿದ ಕೊಡಗಳನ್ನು ದಡದಲ್ಲಿಟ್ಟು, ಅವರು ಮಂಜಿನಲ್ಲಿ ಮರೆಯಾಗುವವರೆಗೂ ನೋಡಿ, ತಣ್ಣಗೆ ಮನೆಗೆ ಹೋದರು. ಆ ನಾಡಿನಲ್ಲಿ ಎಲ್ಲರೂ ಬಹುಕಾಲ ಸುಖವಾಗಿ ಬಾಳಿದರು.