ಸಂಜೆ ಏಳಕ್ಕೆ ಬದಲಾಗುವ ಟ್ಯಾಂಗೊ

ಯೌನಿಯೇ ಕಳ್ಳ. ಮಾರಿತ್‌ಗೆ ಅದರಲ್ಲಿ ಅನುಮಾನವೇ ಉಳಿದಿರಲಿಲ್ಲ. ಸಾಕ್ಷಿಯೊಂದು ಬೇಕಿತ್ತು, ಅಷ್ಟೆ.

ಕಳೆದ ಶನಿವಾರ ಸರೋವರದ ದಂಡೆಯ ಡಾನ್ಸ್ ಮಂಟಪದಲ್ಲಿ, ಹಾಡು ಹಾಕುತ್ತಿದ್ದ ಅವಳ ಮಾನ ಹೋಗಿತ್ತು. ಅಲ್ಲಿ ಜೋಡಿಯೊಂದು ಕೈಹಿಡಿದರೆ ಒಂದೇ ಬಗೆಯ ಎರಡು ಹಾಡು ಕುಣಿಯುವುದು ರೂಢಿ. ಪ್ರತಿ ಹಾಡಿನ ಫೈಲಿನೊಳಗೂ ಅದು ಯಾವ ಕುಣಿತದ್ದೆಂದು ಬರೆದ ಟ್ಯಾಗ್ ಇರುತ್ತದೆ. ಅದನ್ನು ನೋಡಿಯೇ ಕಂಪ್ಯೂಟರ್ ಟ್ಯಾಂಗೊ ಹಿಂದೆ ಟ್ಯಾಂಗೊ ಹಾಕುತ್ತದೆ. ಆ ದಿನ ಹೆಂಗಸರ ಸರದಿ, ಅಂದರೆ ಹೆಂಗಸರೇ ಗಂಡಸರನ್ನು ಕುಣಿಯಲು ಕರೆಯುವ ಒಂದು ಗಂಟೆ. ಮೊದಲ ಹಾಡು, ನಿಧಾನದ ಟ್ಯಾಂಗೊ, ಮುಗಿಯಿತು; ಕುಪ್ಪಳಿಸಿ ಕುಣಿಯುವ ಪೋಲ್ಕಾ ಶುರುವಾಯಿತು. ಕೆನ್ನೆಗೆ ಕೆನ್ನೆ ತಾಗಿಸಿ ನಿಂತಿದ್ದ ನಲವತ್ತು ಜೋಡಿ ಕಕ್ಕಾಬಿಕ್ಕಿಯಾದವು. ಇನ್ನೊಮ್ಮೆ ಹೀಗಾದರೆ ಹಾಡು ಹಾಕುವ ಕೆಲಸ ಮತ್ತೆ ಯೌನಿಗೇ ಎಂದಿತು ಸಮಿತಿ. ವಸಂತದಲ್ಲಿ ಅದನ್ನು ಬಿಟ್ಟುಕೊಟ್ಟವನು ಅವನೇ.

ಅವಳು ತಪ್ಪು ಟ್ಯಾಗ್ ತಿದ್ದಿದಳು. ಮಾರನೆಯ ದಿನ ಪೋಲ್ಕಾ ಮತ್ತೆ ಟ್ಯಾಂಗೊ ಎಂದು ಹೆಸರಿಟ್ಟುಕೊಂಡು ಕೂತಿತ್ತು. ಫೈಲಿಗೆ ಬೀಗ ಬಿದ್ದಿದೆಯೇ ನೋಡಿದಳು, ಬೇರೆ ಪ್ರೋಗ್ರಾಮಿನಲ್ಲಿ ತಿದ್ದಿದಳು. ಊಹೂಂ. ಗುರುವಾರ, ಮಂಟಪದವರು ಹಂಚಿಕೊಂಡಿದ್ದ ಫೋಲ್ಡರಿನ ಚರಿತ್ರೆ ತೆರೆದಳು. ಪ್ರತಿ ಸಂಜೆ ಏಳಕ್ಕೆ, ಬದಲಿಸಿದವರು: ಯೌನಿ.

ನೆಟ್ಟಗೆ ಅವನ ಮನೆಗೆ ನಡೆದಳು. ಉಣ್ಣೆಯ ಕಾಲುಚೀಲದಲ್ಲೇ ಬಾಗಿಲು ತೆರೆದವನು ನಕ್ಕ. ಆ ನಗು ಚೆನ್ನಾಗಿತ್ತು. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

“ಕೆಲಸ ವಾಪಸ್ ಬೇಕಿದ್ರೆ ಬಾಯಿಬಿಟ್ಟು ಕೇಳ್ಬೇಕಿತ್ತಪ್ಪಾ. ಕದ್ದು ಯಾಕೆ ಟ್ಯಾಗ್ ತಿದ್ತೀಯಾ?”

“ನಾನೆಲ್ಲಿ ತಿದ್ದಿದೆ? ದಿನಾ ಸಂಜೆ ಏಳಕ್ಕೆ ಸುಮ್ನೆ ಹಾಡು ಕೇಳ್ತೀನಿ ಕಣೇ.”

“ಕೇಳಿದ್ರೆ ಟ್ಯಾಗ್ ಬದಲಾಗತ್ತಾ? ಯಾರ ಕಿವಿಗೆ ಹೂವು ಇಡ್ತೀಯಾ?”

ಯೌನಿ ಲ್ಯಾಪ್‌ಟಾಪ್ ಅವಳತ್ತ ತಿರುಗಿಸಿ ಹುಡುಕಾಡಿದ. ತಪ್ಪು ಅವನ ಹಳೆಯ ಪ್ರೋಗ್ರಾಮಿನದು. ಹಾಡು ಮುಗಿದಾಗಲೆಲ್ಲ ಎಷ್ಟನೇ ಸಲ ಕೇಳಿದ್ದೆಂದು ಅದು ಫೈಲಿನಲ್ಲಿ ಬರೆಯುತ್ತಿತ್ತು, ಜೊತೆಗೆ ತನ್ನ ನೆನಪಿನಲ್ಲಿದ್ದ ಹಳೇ ಟ್ಯಾಗನ್ನೂ ತುರುಕುತ್ತಿತ್ತು. ಕಿವಿಯಿಂದಲೇ ಹಾಡು ಆರಿಸುತ್ತಿದ್ದವನಿಗೆ ಟ್ಯಾಗಿನ ಗೊಡವೆಯೇ ಇರಲಿಲ್ಲ. ಪ್ರೋಗ್ರಾಮು ಇನ್ನು ಫೈಲಿನಲ್ಲಿ ಏನನ್ನೂ ಬರೆಯದಂತೆ ಅವನು ಮಾಡಿದ.

ಮಾರಿತ್‌ಳ ಕಣ್ಣು ಎಷ್ಟು ಸಲ ಕೇಳಿದ ಎಂಬ ಲೆಕ್ಕದ ಮೇಲಿತ್ತು. ಹೆಂಗಸರ ಸರದಿಗೆಂದು ಅವಳು ಜೋಡಿಸಿದ ಹಾಡುಗಳು. ಪ್ರತಿಯೊಂದೂ ನಲವತ್ಮೂರು ಸಲ.

“ಇಷ್ಟು ಸಲ ಯಾಕೆ?” ಪೊಲೀಸರ ದನಿಯಲ್ಲೇ ಕೇಳಿದಳು.

ಅವನ ಕಿವಿ ಕೆಂಪಾಯಿತು. “ನೀನು ಆರಿಸಿದ್ದಲ್ವಾ.”

“ಹಾಗಾದ್ರೆ ಕೆಲಸ ಬಿಟ್ಟಿದ್ಯಾಕೆ?”

“ಹನ್ನೊಂದು ವರ್ಷ ಮಂಟಪದ ಮೇಲ್ಗಡೆ, ಹಾಡು ಹಾಕೋ ಆ ಗೂಡಲ್ಲಿ ಕೂತಿದ್ದೆ. ಹೆಂಗಸರ ಸರದೀಲಿ ಅಲ್ಲಿಗೆ ಹತ್ತಿ ಬಂದು ಯಾರು ಕರೀತಾರೆ? ಕೆಳಗೆ ನಿಂತ್ರೆ ನೀನು ಕರೀಬಹುದು ಅಂತ ಬಿಟ್ಟೆ. ಸಮಿತಿಯೋರು ನಿನ್ನನ್ನೇ ತಗೊಂಡೋಗಿ ಅಲ್ಲಿ ಕೂರಿಸಿದ್ರು.”

ಮಾರಿತ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮನೆಗೆ ಹೋಗಿ ಟ್ಯಾಗ್‌ಗಳನ್ನು ಮತ್ತೆ ತಿದ್ದಿದಳು. ಶುಕ್ರವಾರವೂ ಅವು ಸರಿಯಾಗಿಯೇ ಇದ್ದವು.

ಶನಿವಾರ ಹೆಂಗಸರ ಸರದಿ ಬಂತು. ಕೆಳಗೆ, ಕಂಬದ ಪಕ್ಕ ಯೌನಿ ನಿಂತಿದ್ದ. ತನ್ನನ್ನು ಗೂಡಿನಿಂದ ಇಳಿಸಲೆಂದೇ ಅವನು ಈ ಕಥೆ ಕಟ್ಟಿದ್ದರೆ? ಇಳಿದಾಗ ಪೋಲ್ಕಾ ಬಂದರೆ ತಡೆಯುವವರಿಲ್ಲ, ಕೆಲಸ ಹೋದಂತೆಯೇ. ಮೊದಲ ಟ್ಯಾಂಗೊ ಹಚ್ಚಿ, ಮೆಟ್ಟಿಲಿಳಿದು ಅವನೆದುರು ಕೈ ಚಾಚಿದಳು.

ಇಡೀ ಹಾಡು ಅವಳ ಕಣ್ಣು ಗೂಡಿನ ಕಡೆಗೇ ಇತ್ತು. ಹಾಡು ಮುಗಿಯಿತು. ಜೋಡಿಗಳು ಕೈ ಬಿಡದೆ ಎರಡನೆಯ ಹಾಡಿಗೆ ಕಾದವು.

“ಪೋಲ್ಕಾ ಬಂದ್ರೆ?” ಅವನೂ ಗೂಡಿನತ್ತ ನೋಡಿ ಕೇಳಿದ.

“ಬಂದ್ರೆ ಪೋಲ್ಕಾನೇ ಕುಣಿಯೋಣ. ಕೆಲಸ ಹೋದ್ರೆ ಹೋಗ್ಲಿ.”

ಟ್ಯಾಂಗೊ ಬಂತು.

ಅವಳು ಅವನ ಭುಜಕ್ಕೆ ಹಣೆ ಆನಿಸಿದಳು. “ಕಳ್ಳ ಅಂತ ಇಡೀ ವಾರ ನಿನ್ನನ್ನೇ ಯೋಚಿಸ್ತಿದ್ದೆ ಕಣೋ. ಊಟ ಮಾಡುವಾಗ್ಲೂ.”

“ಮುಂದಿನ ವಾರಾನೂ ಹಾಗೇ ಅಂದ್ಕೋ,” ಎಂದ ಯೌನಿ.